ಬಣ್ಣ ಹಚ್ಚದೆ ಹೊಳೆದ ಮರಿಗಳು

"ಮರಿ ಮಾಡಿವೆ ಕಣೇ! ಆ ಹೊಳೆಯೋ ಮೀನು ಮರಿ ಮಾಡಿವೆ, ಮರಿಗಳೂ ಹೊಳೀತಿವೆ!"

ಫೋನಿನಲ್ಲಿ ಸೋದರತ್ತೆ ಕಿರುಚಿದ ರಭಸಕ್ಕೆ ನಾನು ಕ್ಲಾಸ್ ಬಿಟ್ಟು ಓಡಿದೆ. ಅತ್ತೆಯದು ಬಸ್ ನಿಲ್ದಾಣದ ಪಕ್ಕ ಸಾಕುಮೀನಿನ ಅಂಗಡಿ. ದಿನಾ ಬೆಳಿಗ್ಗೆ ಅಲ್ಲಿ ತೊಟ್ಟಿ ತೊಳೆಯುವವಳು ನಾನು. ಹಿಂದಿನ ಕೋಣೆಯ ಗಾಜಿನ ತೊಟ್ಟಿಯಲ್ಲಿ, ಕಲ್ಲುಗಳ ಸಂದಿಯಲ್ಲಿ, ಸೊಳ್ಳೆಯಷ್ಟು ಮರಿಗಳು. ನೀಲಿ ದೀಪ ಹಾಕಿದರೆ ಒಂದೊಂದೂ ಹಸಿರು ಕಿಡಿ.

"ಬಣ್ಣ ಚುಚ್ಚಿದ ಮೀನು ಅಂದಿದ್ನಲ್ಲ ಸಪ್ಲೈಯರು?" ಅಂದೆ.

"ಚುಚ್ಚಿದ ಬಣ್ಣ ಮರಿಗೆ ಹೇಗೆ ಬಂತು? ನಿನ್ನ ಮಾವ ಇಪ್ಪತ್ತು ವರ್ಷದಿಂದ ತಲೆಗೆ ಡೈ ಹೊಡೀತಿದ್ದಾರೆ. ನನ್ನ ಮಗ ಡೈ ಹೊಡ್ಕೊಂಡೇ ಹುಟ್ಟಿದ್ನಾ?"

ನನಗೆ ನಗು ಬಂತು, ಅತ್ತೆಗೆ ಬರಲಿಲ್ಲ. ಹೊಳಪು ಮರಿಗೂ ಇಳಿದಿದೆ ಅಂದರೆ, ಬೇರೆ ಯಾವುದೋ ಜೀವಿಯ ಜೀನ್ ತುರುಕಿ ಮಾಡಿದ ಮೀನು ಇದು. ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ.

ಅತ್ತೆ ಸಪ್ಲೈಯರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಗಲಾಟೆ ಯಾಕಕ್ಕಾ? ಮರಿಗಳನ್ನ ದೊಡ್ಡ ಮೀನಿನ ತೊಟ್ಟಿಗೆ ಹಾಕಿ, ಅವೇ ತಿಂದು ಮುಗಿಸ್ತವೆ."

"ಸುಳ್ಳು ಹೇಳಿ ಮಾರಿದ್ಯಲ್ಲೋ!"

"ನಿಜ ಹೇಳಿದ್ರೆ ನೀವು ತಗೋತಿದ್ರಾ?"

ಅವನನ್ನು ಕಾಲರ್ ಹಿಡಿದು ಫೋನಿನಿಂದ ಈಚೆ ಎಳೆಯಬೇಕೆನಿಸಿತು. ಆಮೇಲೆ ಪೈಪು ನೆನಪಾಯಿತು. ದಿನಾ ತೊಟ್ಟಿಯ ಒಂದಷ್ಟು ನೀರನ್ನು ಪೈಪಿನಿಂದ ಮೋರಿಗೆ ಬಿಡುತ್ತೇನೆ. ಮೋರಿ ಸೇರುವುದು ಕೆರೆಗೆ. ಪೈಪಿನ ಬಾಯಿಗೆ ಬಲೆ ಕಟ್ಟಬೇಕು. ನೀರು ನಿಧಾನವಾಗುತ್ತದೆಂದು ನಾನು ಬಿಚ್ಚಿಟ್ಟು ತಿಂಗಳಾಗಿತ್ತು. ಎಷ್ಟು ಮೊಟ್ಟೆ ಹೋದವೋ!

ಹೇಳಿದೆ. ಅತ್ತೆ ಬೈಯಲಿಲ್ಲ, ಮೀನುಗಾರಿಕೆ ಕಚೇರಿಗೆ ಫೋನ್ ಮಾಡಿದಳು.

"ಜೀನ್ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲಮ್ಮಾ, ಪರಿಸರದವರನ್ನ ಕೇಳಿ."

ಪರಿಸರ ಕಚೇರಿಯ ಗುಮಾಸ್ತರು, "ಮೀನು ನಮಗೆ ಬರಲ್ಲ," ಅಂದರು.

ನಾನು ಫೋನ್ ಕಿತ್ತುಕೊಂಡೆ. "ಮೀನು ಅವರದು, ಜೀನ್ ನಿಮ್ಮದು. ಒಳಗಿರೋ ಜೀನ್ ಬಿಟ್ಟು ಮೀನೊಂದೇ ಕೆರೆಗೆ ಹೋಗುತ್ತಾ ಸಾರ್?"

"ನೋಡಮ್ಮಾ, ಸ್ಟಾಕ್ ಸಿಕ್ಕಿದ್ದು ನಿಮ್ಮಂಗಡೀಲಿ. ದೂರು ಕೊಟ್ರೆ ಮೊದಲು ಹೋಗೋದು ನಿಮ್ಮ ಲೈಸೆನ್ಸೇ. ಯೋಚನೆ ಮಾಡಿ."

ಕಳ್ಳ ಹಾಯಾಗಿರಲಿ, ಕೂಗಿ ಹೇಳಿದವಳ ಬಾಗಿಲಿಗೆ ಬೀಗ!

ಅತ್ತೆ ಸಾಲುಸಾಲು ತೊಟ್ಟಿಗಳನ್ನು ಒಮ್ಮೆ ನೋಡಿ, ಫೋನ್ ವಾಪಸ್ ತೆಗೆದುಕೊಂಡಳು. "ಹನ್ನೆರಡು ವರ್ಷದಲ್ಲಿ ಮಂಕಾಗಿರೋ ಒಂದು ಮೀನನ್ನೂ ನಾನು ಮಾರಿಲ್ಲ. ಬರ್ಕೊಳ್ಳಿ. ಅವನ ಹೆಸರೂ ಬರ್ಕೊಳ್ಳಿ, ನನ್ನ ಹೆಸರೂ ಬರ್ಕೊಳ್ಳಿ."

"ಬಲೆ ಬಿಚ್ಚಿದವಳದ್ದು?" ಮೆಲ್ಲಗೆ ಕೇಳಿದೆ.

"ಅದನ್ನ ಕಚೇರಿಗೆ ನೀನೇ ಬಂದು ಹೇಳು," ಅಂದಳು ಅತ್ತೆ.

ಆ ಕಡೆ ಕಾಗದ ಸರಿದಾಡಿತು. "ನಾಳೆ ಹತ್ತೂವರೆಗೆ ಬನ್ನಿ," ಅಂದರು ಗುಮಾಸ್ತರು. "ಸಾಹೇಬ್ರು ಇರ್ತಾರೆ. ಸಾಕ್ಷಿಗೆ ನಾಲ್ಕು ಮರಿ ತನ್ನಿ, ಜೀವಂತ."