ಎಡಗಡೆಯ ಹಿಂದಿನ ಟೈರು

"ಇಳೀರಿ ಎಲ್ಲಾರೂವೆ. ಗಾಡಿ ಇಲ್ಲಿಂದ ಮ್ಯಾಕ್ಕೆ ಓಗಲ್ಲ."

ಬಿಳಿಗಿರಿರಂಗನ ಬೆಟ್ಟದ ಬುಡದ ಚೆಕ್‌ಪೋಸ್ಟಿನ ಪಕ್ಕ ವ್ಯಾನು ನಿಲ್ಲಿಸಿ ರತ್ನ ಕೀಲಿ ಕಿತ್ತುಕೊಂಡಳು. ಒಳಗೆ ಕೂತಿದ್ದ ಐದು ಜನ ಶಿಕ್ಷಕರಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಬಿಸಿಯೂಟದ ಅಡುಗೆಯ ಚಿಕ್ಕನಿಂಗಮ್ಮ ಮಾತ್ರ ಹಿಂದಿನ ಮೂಲೆಯಿಂದ ಮೆಲ್ಲಗೆ ಇಳಿದು, ಚೀಲ ಕಂಕುಳಿಗೆ ಸೇರಿಸಿ ನಿಂತಳು. ಇವರನ್ನು ದಿನಾ ಯಳಂದೂರಿನಿಂದ ಬೆಟ್ಟದ ಶಾಲೆಗೆ ಬಿಟ್ಟು ಕರೆತರುವುದರಿಂದಲೇ ರತ್ನಳ ಮನೆಯ ಒಲೆ ಉರಿಯುತ್ತಿತ್ತು.

ಮುಂದಿನ ಸೀಟಿನಲ್ಲಿದ್ದ ಹೆಡ್‌ಮಾಸ್ಟರ್ ಗುರುಪ್ರಕಾಶ್ ಗಡಿಯಾರ ನೋಡಿಕೊಂಡರು. "ಏನಮ್ಮ, ಪೆಟ್ರೋಲ್ ಮುಗೀತಾ?"

"ಕೆಳಕ್ ಬಂದು ನೋಡಿ ಸಾ."

ಎಡಗಡೆಯ ಹಿಂದಿನ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಉಬ್ಬು ಎದ್ದಿತ್ತು. ಊರು ದಾಟಿದಾಗಿನಿಂದ ಧಬಧಬ ಸದ್ದು ಕೇಳುತ್ತಲೇ ಇತ್ತು.

ಎರಡು ತಿಂಗಳ ಹಿಂದೆ ಇವರನ್ನೆಲ್ಲ ಕೇಳಿಯೇ ಕೇಳಿದ್ದಳು. ಟೈರು ಸವೆದಿವೆ, ಕೊಳ್ಳೇಗಾಲದಲ್ಲಿ ರೇಟು ವಿಚಾರಿಸಿ ಬಂದಿದ್ದೇನೆ, ಒಂದು ತಿಂಗಳ ದುಡ್ಡು ಮುಂಗಡ ಕೊಟ್ಟರೆ ಹೊಸದು ಹಾಕಿಸುತ್ತೇನೆ ಅಂತ. ಗುರುಪ್ರಕಾಶ್ ಅವತ್ತು ಮೂರನೇ ಕ್ಲಾಸಿನ ಮಗುವಿಗೆ ಹೇಳಿದ ಹಾಗೆ ಲೆಕ್ಕ ಹೇಳಿಕೊಟ್ಟಿದ್ದರು. ಹೊಸದು ಮೂರು ಸಾವಿರದ ಆರುನೂರು, ಹಳೇದು ಸಾವಿರದ ಇನ್ನೂರು, ಒಂದು ಹೊಸದರ ದುಡ್ಡಿಗೆ ಮೂರು ಹಳೇದು, ಅರ್ಥ ಆಯ್ತೇನಮ್ಮ? ಶಿವರಂಜನಿ ಟೀಚರು, "ಪಾಲಿಶ್ ಹೊಡೆದ್ರೆ ಯಾವುದು ಹಳೇದು ಅಂತ ಗೊತ್ತೇ ಆಗಲ್ಲ ಬಿಡಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ರತ್ನಳೂ ಹಲ್ಲು ಬಿಟ್ಟು ತಲೆಯಾಡಿಸಿ, ಮಾರನೆಯ ದಿನ ಹಳೆಯ ಎರಡನ್ನು ಹಾಕಿಸಿಕೊಂಡು ಬಂದಿದ್ದಳು. ಆ ತಲೆಯಾಡಿಸಿದ್ದು ನೆನಪಾಗಿ ಈಗ ಅವಳಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ಸ್ಟೆಪ್ನಿ ಹಾಕು ಮತ್ತೆ" ಎಂದರು ಗುರುಪ್ರಕಾಶ್.

"ಆಚೆ ಕಡೆ ಓಡ್ತಿರದೇ ಸ್ಟೆಪ್ನಿ ಸಾ. ಅಲ್ಲಿದ್ದದ್ದು ಓದ್ವಾರನೇ ಸೀಳೋಯ್ತು."

"ನಿಧಾನವಾಗಿ ಹೋಗು. ಇವತ್ತೊಂದು ದಿನ ತಾನೆ?"

"ಇವತ್ತೊಂದಿನ!" ರತ್ನಳಿಗೆ ಮೈಯೆಲ್ಲ ಉರಿದುಹೋಯಿತು. "ತಿರುವ್ನಲ್ಲಿ ಇದು ಡಬ್ ಅಂದ್ರೆ ಯಾರ್ ಸಾ ಜವಾಬ್ದಾರಿ? ನಿಮ್ ಮನೆ ಮುಂದೆ ಕಾರು ನಿಂತದಲ್ಲಾ, ಅದನ್ಯಾಕೆ ಬೆಟ್ಟಕ್ಕೆ ತರದಿಲ್ಲ ನೀವು? ಈ ರಸ್ತೇಲಿ ಒಸ ಟೈರು ಸವೀತದೆ ಅಂತ ನಿಮ್ ಬಾಯಲ್ಲೇ ಅಂದ್ರಿ. ನಿಮ್ ಟೈರು ಚೆಂದಾಗಿರ್ಲಿ, ನಾವೆಲ್ಲ ಯಾವ್ ಅಳ್ಳಕ್ಕಾರ ಬೀಳ್ಲಿ, ಅಲ್ವಾ ಸಾ?"

ಹೆಡ್‌ಮಾಸ್ಟರ ಮುಖ ಕೆಂಪೇರಿತು. "ಬಾಯಿ ಜಾಸ್ತಿ ಆಯ್ತು ನಿನ್ನದು. ನಾಳೆಯಿಂದ ಬೇರೆ ಗಾಡಿ ನೋಡ್ಕೋತೀವಿ."

"ನೋಡ್ಕಳಿ! ನಾಳೆ ಯಾಕೆ, ಇವತ್ತೇ ನೋಡ್ಕಳಿ!"

ಮೂರು ವರ್ಷದ ಬಾಡಿಗೆ, ಒಂದೇ ಮಾತಿಗೆ ಹೋಗಿತ್ತು. ಆದರೂ ಅವಳು ಕೀಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಒಂಬತ್ತೂವರೆಗೆ ಹಾಜರಿ. ಗೇಟಿನ ಬಳಿ ಪುಟ್ಟಸಿದ್ದಯ್ಯನ ಪಿಕಪ್ ಈರುಳ್ಳಿ ಮೂಟೆ ಹೇರಿಕೊಂಡು ನಿಂತಿತ್ತು. ಗುರುಪ್ರಕಾಶ್ ಕೈ ಬೀಸಿದರು. "ತಲೆಗೆ ಐವತ್ತು ಸಾ" ಅಂದ ಪುಟ್ಟಸಿದ್ದಯ್ಯ. ಮುಂಗಡ ಕೇಳಿದಾಗ ಒಂದು ಗಂಟೆ ಲೆಕ್ಕ ಹೇಳಿದ್ದವರು, ತುಟಿ ಪಿಟಕ್ಕೆನ್ನದೆ ಪರ್ಸು ತೆಗೆದರು. ಥೂ, ಅಂದುಕೊಂಡಳು ರತ್ನ.

ಹೆಡ್‌ಮಾಸ್ಟರೂ ಶಿವರಂಜನಿ ಟೀಚರೂ ಡ್ರೈವರ್ ಪಕ್ಕ ಕೂತರು. ಉಳಿದ ಮೂವರು ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಮೂಟೆಗಳ ಮೇಲೆ ಹತ್ತತೊಡಗಿದರು. ಆಗ ರತ್ನಳ ಕಣ್ಣು ಆ ಚಕ್ರದ ಮೇಲೆ ಬಿತ್ತು. ಟೈರಿನಲ್ಲಿ ಗೆರೆಯೆಂಬುದೇ ಇರಲಿಲ್ಲ. ಬೋಳಾಗಿತ್ತು. ಅಂಚಿನಲ್ಲಿ ರಬ್ಬರು ಹರಿದು ಒಳಗಿನ ನೂಲು ಬೆಳ್ಳಗೆ ಕಾಣುತ್ತಿತ್ತು.

ಅವಳು ಓಡಿಹೋಗಿ ಪಿಕಪ್ಪಿನ ಬಾಗಿಲು ಬಡಿದಳು. "ಸಾ, ಇಳೀರಿ ಸಾ! ಇದು ನಂದಕ್ಕಿಂತ ಕಡೆಯಾಗದೆ. ನೂಲು ಈಚೆ ಬಂದದೆ, ಬಗ್ಗಿ ನೋಡಿ!"

"ನಿನ್ನ ಹೊಟ್ಟೆಕಿಚ್ಚು ನಮಗೆ ಗೊತ್ತಾಗಲ್ವಾ?" ಅಂದರು ಗುರುಪ್ರಕಾಶ್. ಕಿಟಕಿಯ ಗಾಜು ಮೇಲೇರಿತು.

"ದಿನಾ ಅತ್ತಿ ಇಳಿಯೋ ಗಾಡಿ ಕಣಮ್ಮೋ" ಎಂದು ಪುಟ್ಟಸಿದ್ದಯ್ಯ ಆಚೆಯಿಂದ ನಕ್ಕ.

ಹತ್ತಲು ಉಳಿದಿದ್ದವಳು ಚಿಕ್ಕನಿಂಗಮ್ಮ ಒಬ್ಬಳೇ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರಿಗಾಲನ್ನು ಟೈರಿನ ಮೇಲಿಟ್ಟಳು. ಹಾಗೇ ಒಂದು ಗಳಿಗೆ ನಿಂತಳು.

"ಊ ಕಣವ್ವ. ನೂಲು ಕಾಲ್ಗೆ ಚುಚ್ತದೆ" ಅಂದಳು ಮೆತ್ತಗೆ.

"ಗೊತ್ತಾಗೂ ಅತ್ತೀಯಾ? ಇಳಿ ಕೆಳಕ್ಕೆ!"

"ಒಲೆ ಅಚ್ಬೇಕಲ್ಲವ್ವ. ಇಸ್ಕೂಲ್ ಐಕ್ಳು ತಟ್ಟೆ ಇಡ್ಕಂಡು ಕುಂತಿರ್ತವೆ." ಅವಳಿಗೆ ಮೂಟೆಯ ಎತ್ತರಕ್ಕೆ ಕೈ ಎಟುಕಲಿಲ್ಲ. "ಒಸಿ ಕೈ ಕೊಡವ್ವ."

ಬೈಯಬೇಕು ಅನ್ನಿಸಿತು. ಯಾರನ್ನು ಬೈಯುವುದೋ ತಿಳಿಯಲಿಲ್ಲ. ರತ್ನ ಅವಳ ಸೊಂಟಕ್ಕೆ ಕೈ ಕೊಟ್ಟು ಮೇಲಕ್ಕೆತ್ತಿದಳು. ಗಾರ್ಡು ಗೇಟು ತೆಗೆದ.

ಮೊದಲ ತಿರುವಿನಲ್ಲಿ ಪಿಕಪ್ ವಾಲಿತು. ಮೂಟೆಗಳ ಮೇಲಿದ್ದ ನಾಲ್ವರೂ ಒಂದೇ ಬದಿಗೆ ಜಾರಿ, ಒಬ್ಬರನ್ನೊಬ್ಬರು ಅವುಚಿ ಹಿಡಿದುಕೊಂಡರು.