ಬೆಂಕಿ ಬೀಳದ ಗುಡ್ಡ

ಸಂಡೂರು ಗುಡ್ಡದಲ್ಲಿ ಎರ್ರಮ್ಮ ಕಾಯುತ್ತಿದ್ದ ಭಾಗಕ್ಕೆ ಮೂರು ಬೇಸಿಗೆಯಿಂದ ಬೆಂಕಿ ಬಿದ್ದಿರಲಿಲ್ಲ. ಅದೇ ಅವಳ ಕುತ್ತಿಗೆಗೆ ಬಂತು.

ಕಾಡಿನ ಬೆಂಕಿ ತಡೆಯಲು ಹೊಸ ನೀತಿ ಬಂದಿತ್ತು. ಬೆಂಕಿ ಬೀಳುವ ಕಡೆ ಹೆಚ್ಚು ಕಾವಲುಗಾರರು. ಬೀಳದ ಕಡೆ ಕಾವಲೇ ಬೇಡ. ಬೆಂಕಿಗೆ ಸಾಕ್ಷಿ ಮೊಬೈಲಿನ ಫೋಟೋ. ಪಕ್ಕದ ಗುಡ್ಡ ಕಾಯುವ ಜಂಬಯ್ಯನ ಭಾಗ ಹೋದ ವರ್ಷ ಐದು ಸಲ ಉರಿದಿತ್ತು. ಅವನು ಐದೂ ಫೋಟೋ ಕಳಿಸಿದ್ದ. ಹೊಸಪೇಟೆಯಲ್ಲಿ ಸಭೆ ಮಾಡಿ ಅವನಿಗೆ ಶಾಲು ಹೊದಿಸಿದರು, ಇಬ್ಬರು ಸಹಾಯಕರನ್ನೂ ಕೊಟ್ಟರು.

ಫಾರೆಸ್ಟರ್ ಮುರುಗೇಶ್ ಕೆಟ್ಟವನಲ್ಲ. ಬೈಕ್ ಹತ್ತಿ ತಾನೇ ಹೇಳಲು ಬಂದ.

"ಎರ್ರಕ್ಕ, ನಾಳೆ ಪಟ್ಟಿ ಹೋಗ್ತೈತಿ. ನಿನ್ನ ಹೆಸರಿನ ಮುಂದ ಸೊನ್ನಿ ಐತಿ. ಸೊನ್ನಿ ಇದ್ದೋರ ಕೆಲಸ ಹೋಗ್ತೈತಿ."

"ಬೆಂಕಿ ಬೀಳಬಾರದು ಅಂತನ ಅಲ್ಲೇನ್ರಿ ನನ್ನ ಇಟ್ಟಿದ್ದು?"

"ಹೌದವ್ವ. ಆದ್ರ ಬೀಳದ ಬೆಂಕಿ ಫೋಟೋ ಹೊಡಿಯಾಕ ಬರೂದಿಲ್ಲಲ್ಲ."

ಈ ಕೆಲಸ ಹೋದರೆ ಅವಳು ಕಂಪ್ಲಿ ಕಡೆ ಕಬ್ಬು ಕಡಿಯಲು ಹೋಗಬೇಕು. ಮಂಡಿ ಹಿಡಿದುಕೊಂಡವಳಿಗೆ ಅದು ಆಗದ ಮಾತು.

ಬೆಂಕಿ ಯಾಕೆ ಬೀಳುವುದಿಲ್ಲ ಎಂದು ಹೇಳುವಂತೆಯೂ ಇರಲಿಲ್ಲ. ಮೊದಲೆಲ್ಲ ಎಳೆ ಹುಲ್ಲು ಚಿಗುರಲಿ ಎಂದು ಕುರಿಗಾರರೇ ಒಣ ಹುಲ್ಲಿಗೆ ಕಡ್ಡಿ ಗೀರುತ್ತಿದ್ದರು. ಎರ್ರಮ್ಮ ವಡ್ಡು ಊರಿನ ಕುರಿಗಾರ ಮೂಕಣ್ಣನೊಡನೆ ಒಪ್ಪಂದ ಮಾಡಿಕೊಂಡಳು: ಯಾರೂ ಕಡ್ಡಿ ಗೀರಬಾರದು, ಬದಲಿಗೆ ಗುಡ್ಡದ ಸುತ್ತ ಹತ್ತು ಮಾರು ಅಗಲ ಕುರಿ ಮೇಯಿಸಿಕೊಳ್ಳಲಿ. ಕುರಿಗಳು ಮಣ್ಣು ಕಾಣುವ ತನಕ ಮೇಯ್ದವು; ಹೊರಗಿನ ಬೆಂಕಿಯೂ ಆ ಬೋಳು ಪಟ್ಟಿ ದಾಟಿ ಬರಲಿಲ್ಲ. ಆದರೆ ಕಾಡಿನಲ್ಲಿ ಕುರಿ ಬಿಡುವುದು ಅಪರಾಧ. ಬಾಯಿ ಬಿಟ್ಟರೆ ಅವಳ ಜೊತೆ ಮೂಕಣ್ಣನೂ ಸಿಕ್ಕಿಬೀಳುತ್ತಿದ್ದ.

"ಒಂದು ಸಣ್ಣ ಬೆಂಕಿ ಹಚ್ಚೋಣ," ಎಂದ ಮುರುಗೇಶ್. "ಫೋಟೋ ಹೊಡಕೊಂಡು ಆರಿಸಿಬಿಡೋಣ. ನಾನ ಇರ್ತೀನಲ್ಲ."

ಎರ್ರಮ್ಮ ಹೂಂ ಎಂದು ತಲೆಯಾಡಿಸಿದಳು. ಗುಡ್ಡದ ಅಂಚಿಗೆ ಕರೆದೊಯ್ದಳು. ಮುರುಗೇಶ್ ಮೂರು ಕಡ್ಡಿ ಗೀರಿದ. ಮೂರೂ ಮಣ್ಣಿನ ಮೇಲೆ ಬಿದ್ದು ಆರಿದವು.

"ಇಲ್ಲಿ ಹುಲ್ಲ ಇಲ್ಲಲ್ಲ! ಯಾರು ತಿಂದ್ರು?"

"ಮೊಲ ಇರಬೇಕ್ರಿ."

ಮುರುಗೇಶ್ ಕಾಲ ಬಳಿ ಬಿದ್ದಿದ್ದ ರಾಶಿ ಹಿಕ್ಕೆ ನೋಡಿದ. "ಭಾಳ ಮೊಲ ಅದಾವ ಬಿಡು ನಿನ್ನ ಗುಡ್ಡದಾಗ," ಎಂದು ಬೋಳು ಪಟ್ಟಿ ದಾಟಿ ಒಳಗೆ ನಡೆದ. ಅಲ್ಲಿ ಸೊಂಟದೆತ್ತರ ಒಣ ಹುಲ್ಲು. ದೋಣಿಮಲೈ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವನು ನಾಲ್ಕನೇ ಕಡ್ಡಿ ತೆಗೆದ.

ಎರ್ರಮ್ಮ ಓಡಿಹೋಗಿ ಕಡ್ಡಿಪೆಟ್ಟಿಗೆ ಕಿತ್ತುಕೊಂಡಳು. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಅದರ ಮೇಲೆ ಸುರಿದಳು.

"ಏನು ಮಾಡಾಕತ್ತಿಯವ್ವ? ನಿನ್ನ ಕೆಲಸ ಉಳಿಸಾಕಂತನ ನಾನು ಗುಡ್ಡ ಹತ್ತಿದ್ದು!"

"ನನ್ನ ಕೆಲಸ ಇದ ಐತ್ರಿ ಸಾಹೇಬ್ರ."

ನಾಲ್ಕನೇ ದಿನ ಇಲಾಖೆಯ ಕಾಗದ ಬಂತು. ಅದರಲ್ಲಿದ್ದದ್ದು ಮುರುಗೇಶನೇ ಪಟ್ಟಿಯ ಜೊತೆ ಬರೆದು ಕಳಿಸಿದ್ದ ಕಾರಣ. ಅವನು ತಲೆ ಎತ್ತದೆ ಓದಿದ: ಸದರಿ ಕಾವಲುಗಾರ್ತಿಯು ಬೆಂಕಿ ದಾಖಲಿಸುವ ಕಾರ್ಯಕ್ಕೆ ಅಡ್ಡಿಪಡಿಸಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ.

"ಇದ್ರಾಗ ಸುಳ್ಳೇನರ ಇದ್ರ ಹೇಳವ್ವ, ತಕರಾರು ಹಾಕೋಣ," ಎಂದ.

ಎರ್ರಮ್ಮ ಕಾಗದ ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಇನ್ನೊಮ್ಮೆ ಓದಿದಳು.

"ಇಲ್ರಿ. ಖರೇನ ಬರದಾರ," ಎಂದು ಸಹಿ ಹಾಕಿದಳು.