ತುಟಿಯಲ್ಲೇ ಉಳಿದ ಕಿವಿಮಾತು

ಆಸ್ಪತ್ರೆಯ ಲಾಂಡ್ರಿಯಲ್ಲಿ ಯಾರೂ ಗಂಟಲು ಬಳಸಿ ಮಾತಾಡುವುದಿಲ್ಲ. ಬಳಸಿ ಪ್ರಯೋಜನವೂ ಇಲ್ಲ. ಒದ್ದೆ ಚಾದರಗಳನ್ನು ನುಂಗಿ, ಇಸ್ತ್ರಿ ಮಾಡಿ ಆಚೆ ಉಗುಳುವ ದೊಡ್ಡ ಬಿಸಿ ರೋಲರ್ ಬೆಳಗಿನಿಂದ ಸಂಜೆಯವರೆಗೆ ಅರಚುತ್ತಲೇ ಇರುತ್ತದೆ. ಈಚೆ ನಿಂತು ಚಾದರ ತೂರಿಸುವವಳು, ಆಚೆ ನಿಂತು ಹಿಡಿದು ಮಡಿಸುವವಳು, ಇಬ್ಬರೂ ಬರೀ ತುಟಿ ಆಡಿಸುತ್ತಾರೆ. ಜಗಳ, ಚಾಡಿ, ಮೇಸ್ತ್ರಿಯ ಬೆನ್ನ ಹಿಂದೆ ಕೊಡುವ ಎದುರುತ್ತರ, ಎಲ್ಲವೂ ತುಟಿಯಲ್ಲೇ. ಈಚೆ ನಿಲ್ಲುವ ಅಕ್ಕನಿಗೆ ಈ ವಿದ್ಯೆ ಕಲಿಸಿದ್ದು ಆಚೆ ನಿಲ್ಲುತ್ತಿದ್ದ ಅಮ್ಮ. ಮನೆಗೆ ಬಂದು ಊಟಕ್ಕೆ ಕೂತರೂ ಅವರಿಬ್ಬರಿಗೆ ಅದೇ ಚಾಳಿ. ಹೀಗಾಗಿ ತಂಗಿ ಯಾರೂ ಹೇಳಿಕೊಡದೆಯೇ ತುಟಿ ಓದಲು ಕಲಿತಿದ್ದಳು.

ಅಮ್ಮನ ಮಣಿಕಟ್ಟುಗಳು ಕೆಟ್ಟು, ನೋವು ಮೈಗೆಲ್ಲ ಹರಡಿ ಅವಳು ಹಾಸಿಗೆ ಹಿಡಿದ ಮೇಲೆ ರೋಲರಿನ ಆಚೆ ತುದಿ ಖಾಲಿಯಾಯಿತು. ಇವರಿದ್ದದ್ದು ಲಾಂಡ್ರಿಯ ಹಿಂದೆ ಕೆಲಸದವರಿಗೆಂದು ಕೊಡುವ ಕೋಣೆಯಲ್ಲಿ. ಒಂದು ಕೋಣೆಯಿಂದ ಇಬ್ಬರು ದುಡಿಯಬೇಕು, ಇಲ್ಲವೇ ಕೋಣೆ ಬಿಡಬೇಕು. ಮೇಸ್ತ್ರಿ ಕೆಟ್ಟವನೇನಲ್ಲ. "ಚಿಕ್ಕವಳ ಪರೀಕ್ಷೆ ಮುಗೀಲಿ, ಅಲ್ಲೀತನಕ ಹೇಗೋ ಸಂಭಾಳಿಸ್ತೀನಿ" ಎಂದಿದ್ದ. ಪರೀಕ್ಷೆ ಮುಗಿದಿತ್ತು. ಸೋಮವಾರದಿಂದ ತಂಗಿ ಬರಬೇಕು.

ಅಷ್ಟರಲ್ಲಿ ಶಾಲೆಯಿಂದ ಅಕ್ಕನಿಗೆ ಕರೆ ಬಂತು. ಕೊನೆಯ ತರಗತಿಯವರನ್ನು ಬೀಳ್ಕೊಡುವ ದಿನ ಹಳೆಯ ವಿದ್ಯಾರ್ಥಿಗಳಿಂದ ನಾಲ್ಕು ಮಾತು ಹೇಳಿಸುವುದು ಹೆಡ್ ಮೇಡಂ ನಡೆಸಿಕೊಂಡು ಬಂದ ಪದ್ಧತಿ. ಅಕ್ಕ ಒಂದು ಕಾಲಕ್ಕೆ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ನೀರಿಳಿಸಿದವಳು. ಮೇಡಂ ಅದನ್ನು ಮರೆತಿರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಒಂದೇ ಕನ್ನಡಿಯ ಮುಂದೆ ನೂಕಾಡುತ್ತ ತಲೆ ಬಾಚಿಕೊಂಡರು.

"ನಮಗೆಲ್ಲ ಏನಂತ ಬುದ್ಧಿ ಹೇಳ್ತೀಯಕ್ಕಾ?" ಕಡ್ಡಿ ಕೇಳಿದಳು. ಮೈಯಲ್ಲಿ ಮಾಂಸವಿಲ್ಲವೆಂದು ತಂಗಿಗೆ ಬಿದ್ದ ಹೆಸರು ಅದು.

"ಓದು ಬಿಡಬೇಡಿ ಅಂತೀನಿ."

"ಹೇಳಮ್ಮಾ, ಹೇಳು. ನೀನು ಸ್ಟೇಜ್ ಮೇಲೆ ನಿಂತು ಏನು ಹೇಳ್ತೀಯೋ ಅದನ್ನೇ ಮಾಡ್ತೀನಿ. ಆಣೆ."

"ತಮಾಷೆ ಬೇಡ ಕಣೇ."

"ನನ್ನದಾ ತಮಾಷೆ?" ಕಡ್ಡಿ ಬಾಚಣಿಗೆ ಕಿತ್ತುಕೊಂಡಳು.

ಮಂಚದ ಮೇಲಿದ್ದ ಅಮ್ಮ ಗೋಡೆಯ ಕಡೆ ಹೊರಳಿದಳು. ಮಾತು ಬೇಡವಾದಾಗ ಅವಳು ಮಾಡುವುದು ಹಾಗೆಯೇ.

ಸಭಾಂಗಣದಲ್ಲಿ ಮೊದಲು ಎದ್ದವನು ಹಲ್ಲಿನ ಡಾಕ್ಟರು. "ಚೆನ್ನಾಗಿ ನಗ್ರಪ್ಪಾ, ನನ್ನ ಹತ್ರ ಬರೋಕೆ ಮುಂಚೇನೇ ನಕ್ಕುಬಿಡಿ" ಎಂದು ತಾನೇ ನಕ್ಕ. ಆಮೇಲೆ ಕಂಟ್ರಾಕ್ಟರು ಬಂದು, ಬದುಕಿನ ಪಾಯ ಗಟ್ಟಿಯಾಗಿರಬೇಕು ಎಂದ. ಶಾಲೆಯ ಹೊಸ ಶೌಚಾಲಯ ಕಟ್ಟಿಸಿದ್ದು ಅವನೇ. ಅದು ವಾಲಿಕೊಂಡು, ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು.

"ಈಗ, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡ್ತಿರೋ ನಮ್ಮ ಹೆಮ್ಮೆಯ ಹುಡುಗಿ" ಎಂದರು ಹೆಡ್ ಮೇಡಂ. ನರ್ಸು ಅಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿದ್ದ ಕಡ್ಡಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಮೈಕಿನ ಪಕ್ಕದಲ್ಲೇ ದೊಡ್ಡದೊಂದು ಫ್ಯಾನು ಗರಗರ ಎನ್ನುತ್ತಿತ್ತು. ಅಕ್ಕ ಮುಖವೆತ್ತಿ ಮಾತು ಶುರು ಮಾಡಿದಳು. ಮಕ್ಕಳು ಕಿಸಕ್ಕೆಂದರು. ಡ್ರಿಲ್ ಮಾಸ್ತರು ಓಡಿ ಬಂದು ಮೈಕನ್ನು ಕುಟ್ಟಿದರು, ವೈರು ಎಳೆದರು. "ಸೌಂಡೇ ಬರ್ತಿಲ್ಲ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಗ ಅಕ್ಕನಿಗೆ ಹೊಳೆಯಿತು. ಮೈಕು ಸರಿಯಾಗಿಯೇ ಇತ್ತು. ಯಂತ್ರದ ಗರಗರ ಕಿವಿಗೆ ಬಿದ್ದದ್ದೇ ತಡ, ಗಂಟಲು ತನ್ನ ಪಾಡಿಗೆ ತಾನು ಮುಚ್ಚಿಕೊಂಡಿತ್ತು. ಅವಳು ಬರೀ ತುಟಿ ಆಡಿಸುತ್ತಿದ್ದಳು.

ಅವಮಾನದಿಂದ ಮುಖ ಬಿಸಿಯಾಯಿತು. ಆದರೆ ಕಡ್ಡಿ ನಗುತ್ತಿರಲಿಲ್ಲ. ಅವಳ ಕಣ್ಣು ಅಕ್ಕನ ತುಟಿಗೆ ಅಂಟಿಕೊಂಡಿತ್ತು. ಅಮ್ಮ ಇಲ್ಲದ, ಮೇಸ್ತ್ರಿ ಇಲ್ಲದ ಜಾಗ. ಇಷ್ಟು ಜನರ ನಡುವೆ ಇಬ್ಬರೇ.

"ಸೋಮವಾರ ಬರಬೇಡ" ಎಂದಿತು ಅಕ್ಕನ ತುಟಿ. "ನಿನ್ನ ಕೈಯೂ ಅಮ್ಮನ ಕೈ ಥರಾ ಆಗೋದು ಬೇಡ. ಕಾಲೇಜು ಸೇರ್ಕೋ. ಬರಬೇಡ ಕಣೇ."

ಕಡ್ಡಿಯ ತುಟಿ ಅಲುಗಿತು. "ಅಮ್ಮನ್ನ ಎಲ್ಲಿ ಮಲಗಿಸೋಣ?"

ಕುಹಕವಿರಲಿಲ್ಲ ಅದರಲ್ಲಿ. ಬಿಡಿಸಲಾಗದ ಲೆಕ್ಕವನ್ನು ದೊಡ್ಡವರ ಮುಂದಿಟ್ಟು ಕಾಯುವ ಮಗುವಿನ ಹಾಗೆ ಕೇಳಿದ್ದಳು. ಅಕ್ಕ ಏನಾದರೂ ಹೇಳಿದರೆ ನಂಬಲು ತಯಾರಾಗಿ ಕೂತಿದ್ದಳು.

ಪರ ವಿರೋಧ ಎರಡರಲ್ಲೂ ಗೆದ್ದುಬರುತ್ತಿದ್ದವಳು ಡ್ರಿಲ್ ಮಾಸ್ತರ ಕೈಯಲ್ಲಿದ್ದ ವೈರಿನ ಕಡೆ ಕಣ್ಣು ತಿರುಗಿಸಿದಳು.

ಮೈಕು ಕುಯ್ ಎಂದಿತು. "ಹಾಂ, ಈಗ ಮಾತಾಡಮ್ಮಾ, ಸರಿ ಮಾಡಿದೀನಿ" ಎಂದು ಡ್ರಿಲ್ ಮಾಸ್ತರು ಬೀಗುತ್ತ ಕೆಳಗಿಳಿದರು. ಅಕ್ಕ ಕೆಮ್ಮಿದಳು. ಅವಳ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು.

"ಕಷ್ಟಕ್ಕೆ ಹೆದರಬೇಡಿ. ಸಿಕ್ಕಿದ ಕೆಲಸ... ಸಿಕ್ಕಿದ ಕೆಲಸಾನ ಮನಸ್ಸಿಟ್ಟು ಮಾಡಿ. ಅಷ್ಟೇ."

ಹೆಡ್ ಮೇಡಂ ಕಣ್ಣೊರೆಸಿಕೊಂಡರು. ಎಲ್ಲ ಭಾಷಣಗಳಲ್ಲಿ ಇದೇ ಚಿಕ್ಕದಾದ್ದರಿಂದ ಚಪ್ಪಾಳೆಯೂ ಜೋರಾಗಿಯೇ ಬಂತು. ಕಡ್ಡಿ ಚಪ್ಪಾಳೆ ತಟ್ಟಲಿಲ್ಲ, ತಲೆಯಾಡಿಸಿದಳು. ಆಯಿತು ಎನ್ನುವ ಹಾಗೆ.

ಸೋಮವಾರ ಅವಳು ಅಮ್ಮನ ಏಪ್ರನ್ನನ್ನು ಮೈಗೆ ಸುತ್ತು ಹಾಕಿಕೊಂಡು ರೋಲರಿನ ಆಚೆ ತುದಿಯಲ್ಲಿ ನಿಂತಳು. ಮೊದಲ ಚಾದರ ಹೊರಬಂದದ್ದೇ ಎರಡು ಮೂಲೆ ಹಿಡಿದು, ಒದರಿ, ಮಡಿಸಿಟ್ಟಳು. "ಹುಟ್ತಾನೇ ಕಲ್ತು ಬಂದಿದಾಳೆ ಬಿಡು!" ಮೇಸ್ತ್ರಿ ಅಕ್ಕನ ಕಿವಿಗೆ ಬಾಯಿಟ್ಟು ಕಿರುಚಿದ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು.

ಹಬೆಯ ಆಚೆಯಿಂದ ಕಡ್ಡಿ ತುಟಿ ಆಡಿಸಿದಳು. "ಮನಸ್ಸಿಟ್ಟು ಮಾಡ್ತಿದೀನಾ ಅಕ್ಕಾ?"

ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕೈಯಲ್ಲಿದ್ದ ಚಾದರ ಅಡ್ಡಡ್ಡ ಒಳಹೋಗಿ ಸುಕ್ಕು ಸುಕ್ಕಾಗಿ ಆಚೆ ಬಂತು. ಕಡ್ಡಿ ಅದನ್ನು ಮತ್ತೆ ಒದ್ದೆ ಮಾಡುವ ಬುಟ್ಟಿಗೆಸೆದು, ಮುಂದಿನದಕ್ಕೆ ಕೈ ಚಾಚಿ ನಿಂತಳು.